ಚಿತ್ರದುರ್ಗದ ಪಟ್ಟೆಗಲ್ಲಿಗೆ ಎಷ್ಟು ಸಲ ಮಡಿಕೆ ಬಿದ್ದಿದೆ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಮಕ್ಕಳನ್ನು ಹೊಳಲ್ಕೆರೆ ಕಡೆಯ ಗುಡ್ಡವೊಂದಕ್ಕೆ ಕರೆದೊಯ್ದಾಗ ಕೆಂಪು ಮತ್ತು ಬೂದುಗಪ್ಪು ಪಟ್ಟೆಗಳ ಕಲ್ಲು ಬಟ್ಟೆಯ ಹಾಗೆ ಮಡಿಕೆ ಬಿದ್ದು, ಒಂದು ಕಡೆ ಕೊಕ್ಕೆಯಾಕಾರದಲ್ಲಿ ತಿರುಗಿಕೊಂಡಿರುವುದನ್ನು ಕಂಡೆವು. ಚಿತ್ರವನ್ನು ಕಳಿಸಿದ್ದೇನೆ. ಇಷ್ಟು ಗಟ್ಟಿಯಾದ ಕಲ್ಲು ಒಡೆಯದೆ ಬಾಗಿದ್ದು ಹೇಗೆ? ಕೆಸರಾಗಿದ್ದಾಗಲೇ ಬಾಗಿ ಆಮೇಲೆ ಗಟ್ಟಿಯಾಗಿರಬಾರದೇಕೆ? ಇಲ್ಲಿನ ಶಿಲೆಗಳು ಮೂರು ಸಲ ಮಡಿಕೆಗೊಳಗಾಗಿವೆ ಎಂದು ಓದಿದ್ದೆ. ಯಾರೂ ಕಾಣದ ಘಟನೆಗಳನ್ನು ಎಣಿಸುವುದು ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಅದರಲ್ಲೂ ಎರಡನೆಯದು ತುಂಬ ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕಂಡುಕೊಳ್ಳದೆ ಮೂರನೆಯದಕ್ಕೆ ಕೈಹಾಕಿದವರು ಎಣಿಕೆಯಲ್ಲಿ ತಪ್ಪಿದ್ದುಂಟು. ಆದ್ದರಿಂದ ನಿಮ್ಮ ಚಿತ್ರದಲ್ಲಿರುವ ಆ ಕೊಕ್ಕೆಯನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲು ಆ ಕಲ್ಲು ಏನೆಂಬುದನ್ನು ನೋಡೋಣ. ಅದು ಪಟ್ಟೆಯುಕ್ತ ಕಬ್ಬಿಣಶಿಲೆ. ಕೆಂಪು ಪಟ್ಟೆ ಜಾಸ್ಪರ್, ಅಂದರೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳಿಂದ ಬಣ್ಣ ಪಡೆದ, ಬೆಣಚುಕಲ್ಲಿನ ಜಾತಿಗೆ ಸೇರಿದ ಸಿಲಿಕ. ಬೂದುಗಪ್ಪು ಪಟ್ಟೆ ಹೆಮಟೈಟ್ ಅಥವಾ ಮ್ಯಾಗ್ನಟೈಟ್. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಕಾಲದಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವೂ ಸಿಲಿಕವೂ ತಳಕ್ಕಿಳಿದು ಪದರಪದರವಾಗಿ ಕೂತು ಈ ಕಲ್ಲಾಯಿತು. ಗದಗದಿಂದ ಶ್ರೀರಂಗಪಟ್ಟಣದ ಕಡೆಯವರೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಚಿತ್ರದುರ್ಗ ಶಿಸ್ಟ್ (ರೂಪಾಂತರಗೊಂಡು ಹಾಳೆಹಾಳೆಯಾಗಿ ಸೀಳುವ ಶಿಲೆ) ಪಟ್ಟಿಯಲ್ಲಿ ಈ ಕಬ್ಬಿಣಶಿಲೆಯ ಜೊತೆಗೆ ಮರಳಿನಿಂದಾದ ಕ್ವಾರ್ಟ್ಜೈಟ್, ಜೇಡಿಯಿಂದಾದ ಫಿಲೈಟ್, ಸುಣ್ಣಕಲ್ಲು, ಸಮುದ್ರದಡಿ ಹರಿದ ಲಾವಾ, ಉರುಟುಕಲ್ಲುಗಳು ಕೂಡಿ ಗಟ್ಟಿಯಾದ ಪೆಂಟೆಶಿಲೆ ಎಲ್ಲವೂ ಇವೆ. ಎಲ್ಲವೂ ರೂಪಾಂತರ ಹೊಂದಿವೆ, ಎಲ್ಲಕ್ಕೂ ಮಡಿಕೆ ಬಿದ್ದಿದೆ.

ಇವು ನೀರಿನಲ್ಲಿ ಕೂತ ಪದರಗಳೆಂಬುದು ಇಂದು ಪಠ್ಯಪುಸ್ತಕದ ಮಾತು. ಆದರೆ ಒಂದು ಕಾಲದಲ್ಲಿ ಅದೇ ವಿವಾದವಾಗಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ ಮೇಲೆ, ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು ಇವುಗಳಲ್ಲಿ ಬಹುಪಾಲು ಅಗ್ನಿಜನ್ಯ ಶಿಲೆಗಳೇ ಎಂದು ವಾದಿಸಿದರು. ಪೆಂಟೆಶಿಲೆಯಲ್ಲಿ ಕಾಣುವ ಉರುಟುಕಲ್ಲುಗಳನ್ನು ಕೂಡ ನದಿ ತಂದವಲ್ಲ, ಭೂಚಲನೆಯಲ್ಲಿ ಶಿಲೆ ಜಜ್ಜಿ ಉರುಳಿ ಆದ ಚೂರುಗಳು ಎಂದೇ ಅರ್ಥೈಸಲಾಗಿತ್ತು. ಈ ಅಭಿಪ್ರಾಯವನ್ನು ಮೂರ್ಖತನವೆಂದು ತಳ್ಳಿಹಾಕಬಾರದು. ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹಿಂಡಿ, ಎಳೆದು, ಮಡಿಚಿದ ಶಿಲೆಯಲ್ಲಿ ಮೂಲದ ಗುರುತು ಯಾವುದು, ಆಮೇಲಿನ ಹಿಂಸೆಯ ಗುರುತು ಯಾವುದು ಎಂದು ಬಿಡಿಸುವುದು ನಿಜಕ್ಕೂ ಕಷ್ಟ. ಸಿ. ಎಸ್. ಪಿಚ್ಚಮುತ್ತು ಅವರು 1930ರ ದಶಕದಲ್ಲಿ ಅಂದಿನ ಕಡೂರು ಜಿಲ್ಲೆಯ ಕಲ್ದುರ್ಗದ ಪೆಂಟೆಶಿಲೆಯ ಬಗ್ಗೆ ಬರೆದರು. ಅಲೆಯ ಗುರುತು, ಪ್ರವಾಹದಲ್ಲಿ ಮರಳು ಓರೆಯಾಗಿ ಕೂತ ಗುರುತುಗಳು ಒಂದೊಂದಾಗಿ ಸಿಕ್ಕವು. ಕ್ರಮೇಣ ಅಭಿಪ್ರಾಯ ಬದಲಾಯಿತು. ಮೊದಲ ಗುರುತನ್ನೂ ಆಮೇಲಿನ ಗುರುತನ್ನೂ ಬೇರ್ಪಡಿಸುವ ಆ ಕೆಲಸವೇ ಇಂದಿಗೂ ಮಡಿಕೆಯ ಚರಿತ್ರೆ ಓದುವ ಕೆಲಸ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಕಲ್ಲು ಬಾಗುವುದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಸುತ್ತಲಿಂದ ಒತ್ತಡ, ಬಿಸಿ, ಮತ್ತು ಬಹಳ ಕಾಲ. ಅರಗಿನ ಕಡ್ಡಿಯನ್ನು ಥಟ್ಟನೆ ಬಗ್ಗಿಸಿದರೆ ಮುರಿಯುತ್ತದೆ. ಎರಡು ಆಧಾರಗಳ ನಡುವೆ ಅಡ್ಡವಿಟ್ಟು ಬೇಸಿಗೆಯ ಕೋಣೆಯಲ್ಲಿ ವಾರಗಟ್ಟಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಚಿತ್ರದುರ್ಗದ ಸುತ್ತಮುತ್ತಲಿನ ಶಿಲೆಗಳಲ್ಲಿ ಬೆಳೆದಿರುವ ಕ್ಲೋರೈಟ್, ಬಿಳಿ ಅಭ್ರಕದಂಥ ಖನಿಜಗಳನ್ನು ನೋಡಿದರೆ ಅವು ಸುಮಾರು 350ರಿಂದ 450 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಕಂಡಿವೆ ಎನ್ನಬಹುದು, ಎಂದರೆ ಹತ್ತು ಹದಿನೈದು ಕಿಲೋಮೀಟರ್ ಆಳಕ್ಕೆ ಹೋಗಿಬಂದಿವೆ. ಬೆಣಚುಕಲ್ಲಿನ ಹರಳು ಸುಮಾರು 300 ಡಿಗ್ರಿ ದಾಟಿದ ಮೇಲೆ ಒಡೆಯದೆಯೇ, ತನ್ನೊಳಗಿನ ಅಣುಸಾಲುಗಳು ಒಂದರ ಮೇಲೊಂದು ಜಾರಿ ಆಕಾರ ಬದಲಿಸಬಲ್ಲದು. ಅದಕ್ಕಿಂತ ಸದ್ದಿಲ್ಲದೆ ನಡೆಯುವ ಇನ್ನೊಂದು ಕ್ರಿಯೆಯೂ ಇದೆ. ಒತ್ತಡಕ್ಕೆ ಎದುರಾಗಿ ನಿಂತ ಮುಖದಲ್ಲಿ ಹರಳು ಕಣಗಳ ನಡುವಿನ ತೆಳು ನೀರಿನಲ್ಲಿ ಕರಗುತ್ತದೆ. ಕರಗಿದ ಸಿಲಿಕ ಒತ್ತಡ ಕಡಿಮೆಯಿರುವ ಕಡೆಗೆ ಸಾಗಿ ಮತ್ತೆ ಹರಳುಗಟ್ಟುತ್ತದೆ. ನೀವು ಗುಡ್ಡದಲ್ಲಿ ಕಂಡಿರಬಹುದಾದ ಬೆಣಚುಕಲ್ಲಿನ ಬಿಳಿ ಎಳೆಗಳಲ್ಲಿ ಅನೇಕವು ಹೀಗೆ ಕರಗಿ ಬಂದ ಸರಕು.

ಕಾಲದ ಲೆಕ್ಕವನ್ನು ಮಕ್ಕಳಿಗೆ ಹೇಳುವುದಾದರೆ ಹೀಗೆ ಹೇಳಿ. ಪರ್ವತಗಳ ಬೇರಿನಲ್ಲಿ ಶಿಲೆ ವಿಕಾರಗೊಳ್ಳುವ ಸಾಮಾನ್ಯ ವೇಗದಲ್ಲಿ ಒಂದು ಮೀಟರ್ ಉದ್ದದ ಕಲ್ಲು ವರ್ಷಕ್ಕೆ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಕುಗ್ಗುತ್ತದೆ. ಹಾಗಿದ್ದೂ ಸುಮಾರು 15 ಲಕ್ಷ ವರ್ಷಗಳಲ್ಲಿ ಅದು ಅರ್ಧ ಮೀಟರಿಗೆ ಬಂದಿರುತ್ತದೆ. ಭೂಮಿಯ ಲೆಕ್ಕದಲ್ಲಿ 15 ಲಕ್ಷ ವರ್ಷ ದೊಡ್ಡದೇನಲ್ಲ.

ಆದರೆ ಎಲ್ಲ ಪದರಗಳೂ ಒಂದೇ ರೀತಿ ಬಾಗುವುದಿಲ್ಲ, ಮಡಿಕೆಯ ಅಂದವಿರುವುದೇ ಅಲ್ಲಿ. ಸಿಲಿಕದ ಪಟ್ಟೆ ಬಿಗಿ, ಅದರ ಅಕ್ಕಪಕ್ಕದ ಜೇಡಿಮೂಲದ ಫಿಲೈಟ್ ಮೃದು. ಎರಡನ್ನೂ ಪಕ್ಕದಿಂದ ಒತ್ತಿದಾಗ ಬಿಗಿಯಾದ ಪಟ್ಟೆ ಅಲೆಯಲೆಯಾಗಿ ಬಳುಕುತ್ತದೆ, ಮೃದುವಾದದ್ದು ಹರಿದು ಆ ಅಲೆಗಳ ಸಂದಿಯನ್ನು ತುಂಬುತ್ತದೆ. ಪಟ್ಟೆ ದಪ್ಪವಾದಷ್ಟೂ ಅಲೆಯ ಅಗಲ ಹೆಚ್ಚು. ಒಂದೇ ಬಂಡೆಯಲ್ಲಿ ಒಂದು ಸೆಂಟಿಮೀಟರ್ ದಪ್ಪದ ಪಟ್ಟೆ ಬೆರಳುದ್ದದ ಮಡಿಕೆ ಬಿದ್ದಿದ್ದರೆ ಅದರ ಪಕ್ಕದ ಒಂದು ಗೇಣು ದಪ್ಪದ ಪಟ್ಟೆ ಮಾರುದ್ದದ ಮಡಿಕೆ ಬಿದ್ದಿರುತ್ತದೆ. ಇವೆರಡೂ ಒಂದೇ ಒತ್ತಡದಲ್ಲಿ, ಒಂದೇ ಕಾಲದಲ್ಲಿ ಆದವು. ಚಿಕ್ಕದನ್ನು ಒಂದು ಸಲದ ಮಡಿಕೆಯೆಂದೂ ದೊಡ್ಡದನ್ನು ಇನ್ನೊಂದು ಸಲದ್ದೆಂದೂ ಎಣಿಸುವುದು ಹೊಸಬರು ಮಾಡುವ ಮೊದಲ ತಪ್ಪು.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕೆಸರಾಗಿದ್ದಾಗಲೇ ಬಾಗಿರಬಾರದೇಕೆ? ಬಾಗಿರಬಹುದು, ಖಂಡಿತ. ಸಮುದ್ರತಳದ ಇಳಿಜಾರಿನಲ್ಲಿ ಕೂತ ಮೆತ್ತನೆಯ ಪದರಗಳು ಭೂಕಂಪದಿಂದಲೋ ತಮ್ಮ ಭಾರದಿಂದಲೋ ಜಾರಿ ಮುದುಡಿಕೊಳ್ಳುವುದು ಸಾಮಾನ್ಯ ಸಂಗತಿ. ಅಂಥ ಜಾರುಮಡಿಕೆಗಳು ಪುರಾತನ ಶಿಲೆಗಳಲ್ಲೂ ಉಳಿದುಬಂದಿವೆ. ಅವುಗಳಿಗೂ ಆಳದಲ್ಲಾದ ಮಡಿಕೆಗಳಿಗೂ ಆಕಾರದಲ್ಲಿ ಭೇದ ಕಾಣುವುದಿಲ್ಲ. ಹಾಗಾಗಿ ಆಕಾರವನ್ನು ಬಿಟ್ಟು ಸಂದರ್ಭವನ್ನು ನೋಡಬೇಕು. ಜಾರುಮಡಿಕೆ ಸಾಮಾನ್ಯವಾಗಿ ಒಂದೆರಡು ಪದರಗಳಿಗೆ ಸೀಮಿತ. ಅದರ ಕೆಳಗಿನ ಪದರವೂ ಮೇಲಿನ ಪದರವೂ ನೆಟ್ಟಗಿರುತ್ತವೆ. ಮೇಲಿನ ಪದರ ಮಡಿಕೆಯ ನೆತ್ತಿಯನ್ನು ಸವರಿಹಾಕಿ ಅದರ ಮೇಲೆ ಸಮತಟ್ಟಾಗಿ ಕೂತಿದ್ದರೆ, ಮಡಿಕೆ ಬಿದ್ದ ಮೇಲೂ ಸಮುದ್ರತಳ ತೆರೆದೇ ಇತ್ತೆಂದು ನಿಶ್ಚಯವಾಗಿ ಹೇಳಬಹುದು. ಜಾರುಮಡಿಕೆಯ ತಿರುವುಗಳು ಮನಸ್ಸಿಗೆ ಬಂದ ದಿಕ್ಕಿಗೆ ಮುಖಮಾಡಿರುತ್ತವೆ. ಆಳದಲ್ಲಾದ ಮಡಿಕೆಗಳಾದರೋ ಗುಡ್ಡದಿಂದ ಗುಡ್ಡಕ್ಕೆ ಒಂದು ಶಿಸ್ತನ್ನು ಪಾಲಿಸುತ್ತವೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ಬೇರೊಂದಿದೆ; ಅದು ಸೀಳುತಲ.

ಸೀಳುತಲದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಚರಿತ್ರೆಯ ಕೀಲಿ ಅಲ್ಲಿದೆ. ಜೇಡಿಮೂಲದ ಶಿಲೆಯನ್ನು ಬಿಸಿಯಲ್ಲಿ ಹಿಂಡಿದಾಗ ಅದರೊಳಗಿನ ಅಭ್ರಕ, ಕ್ಲೋರೈಟ್ ಮೊದಲಾದ ಹಾಳೆಯಂಥ ಖನಿಜಗಳು ಹಿಂಡುವ ದಿಕ್ಕಿಗೆ ಅಡ್ಡವಾಗಿ ತಿರುಗಿ ನಿಲ್ಲುತ್ತವೆ, ಹೊಸದಾಗಿ ಹುಟ್ಟುವ ಹಾಳೆಗಳೂ ಹಾಗೆಯೇ ಬೆಳೆಯುತ್ತವೆ. ಆಗ ಶಿಲೆಗೆ ಹೊಸದೊಂದು ಸೀಳುವ ಗುಣ ಬರುತ್ತದೆ. ಈ ಹೊಸ ತಲಕ್ಕೂ ಸಮುದ್ರದಲ್ಲಿ ಕೂತ ಮೂಲ ಪದರಕ್ಕೂ ಸಂಬಂಧವಿಲ್ಲ. ಅದು ಮಡಿಕೆಯ ನಡುವೆ ಹಾದು ಎರಡು ಮಗ್ಗುಲುಗಳನ್ನು ಭಾಗ ಮಾಡುವ ಅಕ್ಷತಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತದೆ. ಪದರವು ಬಾಗಿ ತಿರುಗುವಲ್ಲಿ ಸೀಳುತಲವು ಅದನ್ನು ನೇರವಾಗಿ ಕತ್ತರಿಸಿಕೊಂಡು ಹೋಗುತ್ತದೆ. ಮಡಿಕೆಯೂ ಸೀಳುತಲವೂ ಒಂದೇ ಒತ್ತಡದ ಕೂಸುಗಳಾದ್ದರಿಂದ, ಸೀಳುತಲ ಇದ್ದ ಮಡಿಕೆ ಬಿಸಿಯಾದ, ಗಟ್ಟಿಯಾದ ಶಿಲೆಯಲ್ಲಿ ಆದದ್ದೆಂದು ಧೈರ್ಯವಾಗಿ ಹೇಳಬಹುದು.

ಕ್ಷೇತ್ರಕಾರ್ಯದ ಮೊದಲ ವರ್ಷದಲ್ಲಿ ನಾನು ಹದಿನೈದು ದಿನ ನಡೆದು ನಕ್ಷೆಯ ಮೇಲೆ ಗುರುತಿಸಿದ ಇಳಿಜಾರಿನ ಅಳತೆಗಳೆಲ್ಲ ಸೀಳುತಲದವೇ ಆಗಿದ್ದವು. ಅವುಗಳನ್ನು ಪದರದವೆಂದು ಬರೆದಿದ್ದೆ. ನಕ್ಷೆಯಲ್ಲಿ ಶಿಲೆಗಳೆಲ್ಲ ಉತ್ತರ-ವಾಯವ್ಯಕ್ಕೆ ಸಾಲಾಗಿ, ಪೂರ್ವಕ್ಕೆ ಕಡಿದಾಗಿ ಇಳಿದಂತೆ ಕಂಡವು, ಒಂದು ಮಡಿಕೆಯೂ ಇರಲಿಲ್ಲ. ಮತ್ತೆ ಹೋಗಿ ಬಣ್ಣ ಮತ್ತು ಕಣದ ಗಾತ್ರ ಬದಲಾಗುವ ಗೆರೆಗಳನ್ನೇ ಹುಡುಕಿ ಹಿಡಿದಾಗ ಅದೇ ಇಳಿಜಾರಿನಲ್ಲಿ ಒಂದೇ ಪದರ ಏಳು ಸಲ ಹಿಂದುಮುಂದಾಗಿ ತಿರುಗಿದ್ದು ಕಾಣಿಸಿತು. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ: ಕಲ್ಲು ಸುಲಭವಾಗಿ ಸೀಳುವ ದಿಕ್ಕನ್ನು ಪದರವೆಂದು ನಂಬಬೇಡಿ, ಮೊದಲು ಮರಳು ಎಲ್ಲಿ ಮುಗಿದು ಜೇಡಿ ಎಲ್ಲಿ ಶುರುವಾಯಿತೆಂದು ನೋಡಿ.

ಪದರಕ್ಕೂ ಸೀಳುತಲಕ್ಕೂ ಇರುವ ಕೋನ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎರಡೂ ಒಂದೇ ಕಡೆಗೆ ಇಳಿಜಾರಾಗಿದ್ದು ಸೀಳುತಲ ಹೆಚ್ಚು ಕಡಿದಾಗಿದ್ದರೆ ಪದರ ಮಗುಚಿಲ್ಲ. ಪದರವೇ ಹೆಚ್ಚು ಕಡಿದಾಗಿದ್ದರೆ ಅದು ಮಗುಚಿದೆ, ಎಂದರೆ ಹಳೆಯದು ಮೇಲೆ, ಹೊಸದು ಕೆಳಗೆ. ಈ ನಿಯಮ ಒಂದೇ ಸಲ ಮಡಿಕೆಯಾದ ಪ್ರದೇಶಕ್ಕೆ ಮಾತ್ರ ಸಲ್ಲುತ್ತದೆ. ಚಿತ್ರದುರ್ಗದಲ್ಲಿ ಇದನ್ನು ಬೇರೆ ಸಾಕ್ಷ್ಯದಿಂದ ತಾಳೆ ನೋಡದೆ ಬಳಸಬಾರದು. ತಾಳೆ ನೋಡಲು ಬೇಕಾದ್ದು ಪದರದ ಮೇಲ್ಮುಖವನ್ನು ತೋರುವ ಮೂಲ ಗುರುತು: ಓರೆಪದರ, ಅಲೆಯ ಗುರುತು, ಕೆಳಗೆ ದಪ್ಪ ಮರಳಿಂದ ಮೇಲೆ ನುಣ್ಪಿಗೆ ತಿರುಗುವ ಪದರ. ಮರಡಿಹಳ್ಳಿಯ ದಿಂಬುಲಾವಾ ಕೂಡ ಅಂಥದೇ ಸಾಕ್ಷಿ. ಸಮುದ್ರದಡಿ ಉಕ್ಕಿದ ಲಾವಾ ದಿಂಬಿನಂತೆ ಉಬ್ಬಿ ಒಂದರ ಮೇಲೊಂದು ಕೂತಾಗ ಮೇಲಿನ ಮುಖ ಉಬ್ಬಾಗಿರುತ್ತದೆ, ಕೆಳಗಿನ ಅಂಚು ಅಡಿಯ ದಿಂಬುಗಳ ಸಂದಿಗೆ ಮೊನಚಾಗಿ ಇಳಿದಿರುತ್ತದೆ. ಯಾವ ಕಡೆ ಮೇಲಿತ್ತೆಂದು ಒಂದು ನೋಟಕ್ಕೆ ತಿಳಿಯುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಆ ಜಾಗ ನಿಮ್ಮ ಜಿಲ್ಲೆಯಲ್ಲೇ ಇರುವುದು ನಿಮ್ಮ ಮಕ್ಕಳ ಭಾಗ್ಯ.

ಇಷ್ಟು ಸಿದ್ಧತೆಯಾದ ಮೇಲೆ ಎಣಿಕೆಗೆ ಬರೋಣ. ನಿಯಮ ಒಂದೇ: ಬಾಗಿಸಿದ್ದು ಆಮೇಲಿನದು, ಬಾಗಿದ್ದು ಮೊದಲಿನದು. ಮೊದಲ ಸಲದ ಮಡಿಕೆ ಪದರವನ್ನಷ್ಟೇ ಬಾಗಿಸುತ್ತದೆ, ತನ್ನ ಸೀಳುತಲವನ್ನು ಹುಟ್ಟಿಸುತ್ತದೆ. ಎರಡನೆಯ ಸಲದ್ದು ಪದರವನ್ನೂ ಬಾಗಿಸುತ್ತದೆ, ಮೊದಲ ಸೀಳುತಲವನ್ನೂ ಬಾಗಿಸುತ್ತದೆ. ಫಿಲೈಟಿನಲ್ಲಿ ಇದು ಬಲು ಸೊಗಸಾಗಿ ಕಾಣುತ್ತದೆ: ನಯವಾಗಿ ಮಿನುಗುವ ಸೀಳುತಲದ ಮೇಲೆ ಹಣೆಯ ನೆರಿಗೆಗಳಂಥ ಸಣ್ಣ ಸಾಲುಗೆರೆಗಳು ಎದ್ದಿರುತ್ತವೆ. ನುಣುಪಾದ ತಲ ಮೊದಲನೆಯದರ ಕೊಡುಗೆ, ನೆರಿಗೆ ಎರಡನೆಯದರದು. ಅಂಗೈಯಲ್ಲಿ ಹಿಡಿಯುವಷ್ಟು ತುಣುಕಿನಲ್ಲೇ ಎರಡು ಘಟನೆಗಳ ಅನುಕ್ರಮ ಸಿಗುತ್ತದೆ.

ಚಿತ್ರದುರ್ಗ ಪಟ್ಟಿಯಲ್ಲಿ, ಹಾಗೆಯೇ ಧಾರವಾಡ ಶಿಲೆಗಳ ಬಹುಭಾಗದಲ್ಲಿ, ಮೊದಲ ಮಡಿಕೆಗಳು ತೀರ ಬಿಗಿ. ಎರಡು ಮಗ್ಗುಲುಗಳೂ ಒಂದಕ್ಕೊಂದು ಒತ್ತಿಕೊಂಡು ಸಮಾನಾಂತರವಾಗಿ ನಿಂತಿರುತ್ತವೆ, ಮಗ್ಗುಲು ಉದ್ದ ಮತ್ತು ತೆಳು, ತಿರುವು ಮಾತ್ರ ದಪ್ಪ. ಇದರ ಫಲವೇನೆಂದರೆ ತಿರುವು ಕಣ್ಣಿಗೆ ಬೀಳದಿದ್ದರೆ ಮಡಿಕೆಯೇ ಇಲ್ಲವೆನಿಸುತ್ತದೆ. ಒಂದೇ ಕಬ್ಬಿಣಶಿಲೆಯ ಪದರ ಮಡಿಚಿ ಎರಡು ಸಾಲಾಗಿ ಕಂಡರೆ ಎರಡು ಬೇರೆ ಪದರಗಳೆಂದು ಲೆಕ್ಕ ಹಾಕುತ್ತೇವೆ, ಸಮುದ್ರದಲ್ಲಿ ಕೂತ ಸರಕಿನ ದಪ್ಪವನ್ನು ಎರಡರಷ್ಟು, ನಾಲ್ಕರಷ್ಟು ಹಿಗ್ಗಿಸುತ್ತೇವೆ. ಗಣಿಯವರಿಗೂ ಇದು ಮುಖ್ಯ. ದಪ್ಪವಾದ ತಿರುವಿನಲ್ಲಿ ಅದಿರು ಹೆಚ್ಚು ಕೂಡಿರುತ್ತದೆ, ಮಗ್ಗುಲಿನಲ್ಲಿ ಎಳೆಯಾಗಿ ಕ್ಷೀಣಿಸುತ್ತದೆ; ತಿರುವು ಯಾವ ದಿಕ್ಕಿಗೆ ಎಷ್ಟು ಓರೆಯಾಗಿ ನೆಲಕ್ಕಿಳಿದಿದೆಯೆಂದು ತಿಳಿಯದೆ ಕೊರೆದರೆ ಅದಿರು ತಪ್ಪಿಹೋಗುತ್ತದೆ.

ಕೆ. ನಾಹಾ, ಆರ್. ಶ್ರೀನಿವಾಸನ್ ಮತ್ತು ಅವರ ಸಹಯೋಗಿಗಳು 1980 ಮತ್ತು 90ರ ದಶಕಗಳಲ್ಲಿ ಧಾರವಾಡ ಪ್ರದೇಶದ ಉದ್ದಗಲಕ್ಕೆ ನಡೆದು ಈ ಅನುಕ್ರಮವನ್ನು ಜೋಡಿಸಿದರು. ಅವರ ಓದಿನಲ್ಲಿ ಮೊದಲ ಬಿಗಿ ಮಡಿಕೆಗಳು, ಅವುಗಳ ಮೇಲೆ ಹೆಚ್ಚುಕಡಿಮೆ ಅದೇ ಅಕ್ಷದ, ಎಂದರೆ ಪದರ ತಿರುಗುವ ಗೆರೆಯ, ಸುತ್ತ ಮರುಮಡಿಕೆ, ಆಮೇಲೆ ನೆಟ್ಟನೆ ನಿಂತ ಅಕ್ಷತಲದ, ಅಷ್ಟೇನೂ ಬಿಗಿಯಲ್ಲದ ಮಡಿಕೆಗಳು, ಕಡೆಯಲ್ಲಿ ಅಲ್ಲಲ್ಲಿ ಮಾತ್ರ ಕಾಣುವ ಸೌಮ್ಯವಾದ ಬಾಗು. ನೀವು ಓದಿದ ‘ಮೂರು ಸಲ’ ಇಂಥ ಓದಿನಿಂದಲೇ ಬಂದಿರಬೇಕು. ಆದರೆ ಅವರು ಎರಡನೆಯ ಹಂತವನ್ನು ಹೊಸ ಸಂಖ್ಯೆ ಕೊಡದೆ ಮೊದಲನೆಯದರ ಮುಂದುವರಿಕೆಯೆಂದೇ ಗುರುತಿಸಿದ್ದನ್ನು ಗಮನಿಸಬೇಕು. ಅದೇ ದಿಕ್ಕಿನ ಒತ್ತಡ ಬಿಡದೆ ಮುಂದುವರಿದರೆ ಮೊದಲು ಬಿದ್ದ ಮಡಿಕೆ ತಾನೇ ಮತ್ತೆ ಮಡಿಚಿಕೊಳ್ಳಬಹುದು. ನಡುವೆ ವಿರಾಮವಿತ್ತೆಂದು ಹೇಳಲು ಬೇರೆ ಸಾಕ್ಷಿ ಬೇಕು. ಸಂಖ್ಯೆಗಳಿಗೆ ನಾವು ಅಂಟಿಕೊಳ್ಳುವುದು ಹೆಚ್ಚಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂಡೂರಿನ ಎರಡನೆಯ ಮಡಿಕೆಯೂ ಚಿತ್ರದುರ್ಗದ ಎರಡನೆಯ ಮಡಿಕೆಯೂ ಒಂದೇ ಕಾಲದವೆಂದು ಸಂಖ್ಯೆ ಒಂದೇ ಆಗಿರುವುದರಿಂದ ಸಿದ್ಧವಾಗುವುದಿಲ್ಲ. ಸಂಖ್ಯೆ ಆ ಬಂಡೆಯ ಅನುಕ್ರಮವನ್ನಷ್ಟೇ ಹೇಳುತ್ತದೆ.

ಮಡಿಕೆಯ ಮೇಲೆ ಮಡಿಕೆ ಬಿದ್ದಾಗ ನೆಲದ ಮೇಲೆ ಕಾಣುವ ಆಕಾರ ಎರಡರ ನಡುವಿನ ಕೋನವನ್ನು ಅವಲಂಬಿಸುತ್ತದೆ. ಬ್ರಿಟನ್ನಿನ ಜಾನ್ ರ‍್ಯಾಮ್ಸೆ 1960ರ ದಶಕದಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ನೆಟ್ಟನೆ ನಿಂತ ಎರಡು ಮಡಿಕೆಗಳು ಅಡ್ಡಡ್ಡವಾಗಿ ಕೂಡಿದರೆ ಗುಮ್ಮಟ ಮತ್ತು ಬೋಗುಣಿಗಳ ಸಾಲು, ಮಲಗಿದ ಮಡಿಕೆಯ ಮೇಲೆ ಅಡ್ಡಲಾಗಿ ನಿಂತ ಮಡಿಕೆ ಬಿದ್ದರೆ ಅಣಬೆಯ ಅಥವಾ ಬಾಲಚಂದ್ರನ ಆಕಾರ, ಎರಡರ ಅಕ್ಷವೂ ಒಂದೇ ದಿಕ್ಕಿನಲ್ಲಿದ್ದರೆ ಕೊಕ್ಕೆ. ಚಿರೋಟಿಯನ್ನು ನೆನೆಯಿರಿ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸುತ್ತಿ ತುಂಡರಿಸಿದಾಗ ಕತ್ತರಿಸಿದ ಮುಖದಲ್ಲಿ ಸುರುಳಿ ಕಾಣುತ್ತದೆ. ಅದೇ ಸುತ್ತನ್ನು ಉದ್ದಕ್ಕೆ ಸೀಳಿದರೆ ನೇರ ಗೆರೆಗಳಷ್ಟೇ ಕಾಣುತ್ತವೆ. ಬಂಡೆಯೂ ಹಾಗೆಯೇ. ಅಕ್ಷಕ್ಕೆ ಅಡ್ಡವಾದ ಮುಖದಲ್ಲಿ ಮಾತ್ರ ಮಡಿಕೆಯ ನಿಜರೂಪ ಕಾಣುತ್ತದೆ. ಆದ್ದರಿಂದ ಒಂದೇ ಮುಖದ ಚಿತ್ರದಿಂದ ತೀರ್ಮಾನಕ್ಕೆ ಬರಬಾರದು.

ಚಿಕ್ಕ ಮಡಿಕೆ ಓದಿದರೆ ದೊಡ್ಡದು ತಿಳಿಯುತ್ತದೆಂಬುದು ನಮ್ಮ ಕ್ಷೇತ್ರದ ಹಳೆಯ ಅನುಭವ. ಅಮೆರಿಕದ ರ‍್ಯಾಫೇಲ್ ಪಂಪೆಲ್ಲಿ 1894ರಲ್ಲೇ ಇದನ್ನು ನಿಯಮವಾಗಿ ಹೇಳಿದ್ದರು. ಬಾಬಾಬುಡನ್‌ಗಿರಿಯ ಸಾಲು ವಾಯವ್ಯಕ್ಕೆ ತೆರೆದ ಕುದುರೆಲಾಳದಂತೆ ಬಾಗಿರುವುದನ್ನು ನಕ್ಷೆಯಲ್ಲಿ ನೋಡಿದ್ದೀರಲ್ಲ, ಅದರ ಬೆನ್ನೆಲುಬು ಕೂಡ ಇದೇ ಕಬ್ಬಿಣಶಿಲೆ. ಅಂಗೈಯಗಲದ ಮಡಿಕೆಗಳನ್ನು ಅಳೆದೇ ಅಷ್ಟು ದೊಡ್ಡ ರಚನೆಗಳನ್ನು ಬಿಡಿಸುತ್ತ ಬಂದಿದ್ದೇವೆ.

ಮಡಿಕೆಗಿಂತ ಹಿಂದಿನ ಚರಿತ್ರೆಯನ್ನು ಪೆಂಟೆಶಿಲೆ ಹೇಳುತ್ತದೆ. ನಿಮ್ಮ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿಯ ಪೆಂಟೆಶಿಲೆಯನ್ನು ಮಕ್ಕಳಿಗೆ ತೋರಿಸಿ. ನದಿಯೋ ಅಲೆಯೋ ಉರುಟು ಮಾಡಿದ ಕಲ್ಲು ಈಗ ಚಪ್ಪಟೆಯಾಗಿ, ಒಂದು ದಿಕ್ಕಿಗೆ ಎಳೆದಂತೆ ನೀಳವಾಗಿದೆ. ಉರುಟಾಗಿದ್ದದ್ದು ಎಷ್ಟು ನೀಳವಾಗಿದೆಯೆಂದು ಅಳೆದರೆ ಶಿಲೆ ಎಷ್ಟು ಹಿಂಡಿಸಿಕೊಂಡಿತೆಂಬ ಅಂದಾಜು ಸಿಗುತ್ತದೆ. ಬೆಣಚಿನ ಉರುಟು ಕಡಿಮೆ, ಮೃದುಶಿಲೆಯ ಉರುಟು ಹೆಚ್ಚು ಎಳೆದುಕೊಂಡಿರುವುದರಿಂದ ಒಂದೇ ಜಾತಿಯ ಉರುಟುಗಳನ್ನು ಹೋಲಿಸಬೇಕು. ಇನ್ನೂ ಸೂಕ್ಷ್ಮವಾದ ಪ್ರಶ್ನೆಯಿದೆ. ಪೆಂಟೆಶಿಲೆಯಲ್ಲಿರುವ, ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಯ ಒಂದು ಉರುಟಿನೊಳಗೆ ಪಟ್ಟೆಯೋ ಮಡಿಕೆಯೋ ಇದ್ದು, ಅದು ಸುತ್ತಲಿನ ಶಿಲೆಯ ಸೀಳುತಲದೊಂದಿಗೆ ಹೊಂದದೆ ಉರುಟಿನ ಅಂಚಿಗೆ ಬಂದು ಥಟ್ಟನೆ ನಿಂತುಹೋಗಿದ್ದರೆ, ಆ ಮಡಿಕೆ ಪೆಂಟೆಶಿಲೆ ಹುಟ್ಟುವ ಮೊದಲೇ, ಬೇರೊಂದು ಹಳೆಯ ನೆಲದಲ್ಲಿ ಬಿದ್ದದ್ದು. ಎಂದರೆ ಧಾರವಾಡದ ಸಮುದ್ರಗಳು ಹರಡುವ ಮುನ್ನವೇ ಇಲ್ಲಿ ಒಂದು ಸಲ ಮಡಿಕೆಗೊಂಡು ಸವೆದ ಖಂಡವಿತ್ತು. ಧಾರವಾಡ ಪದರಗಳ ಅಡಿಯಲ್ಲಿರುವ, 340ರಿಂದ 300 ಕೋಟಿ ವರ್ಷ ಹಿಂದಿನ ಪೆನಿನ್ಸುಲಾರ್ ನೈಸ್ ಆ ಖಂಡದ ಉಳಿಕೆ. ಅದರದೇ ಒಂದು ತುಣುಕು ಬೆಂಗಳೂರಿನ ಲಾಲ್‌ಬಾಗ್ ಬಂಡೆಯಾಗಿ ನಿಂತಿದೆ. ಆಮೇಲೆ ಮೇಲಿನ ಪದರಗಳ ಜೊತೆಗೆ ಈ ನೈಸ್ ಕೂಡ ಮತ್ತೆ ಮಡಿಕೆಗೊಂಡಿತು. ಹಾಗಾಗಿ ಎರಡರಲ್ಲೂ ಹೊಂದುವ ಮಡಿಕೆ ಕಂಡಿತೆಂದು ಎರಡೂ ಒಂದೇ ವಯಸ್ಸಿನವೆನ್ನುವಂತಿಲ್ಲ.

ವಯಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ: ಮಡಿಕೆಗೆ ನೇರವಾಗಿ ವಯಸ್ಸು ಕಟ್ಟಲು ಬಹುತೇಕ ಆಗುವುದಿಲ್ಲ. ಮಡಿಕೆ ಬಿದ್ದ ಪದರಕ್ಕೂ ಮಡಿಕೆಯನ್ನು ಕತ್ತರಿಸಿಕೊಂಡು ಮೇಲೇರಿದ ಶಿಲೆಗೂ ವಯಸ್ಸು ಕಂಡುಹಿಡಿದು ನಡುವಿನ ಅವಧಿಯನ್ನು ಮಡಿಕೆಗೆ ಕೊಡುತ್ತೇವೆ. ಬಾಬಾಬುಡನ್ ಕಬ್ಬಿಣಶಿಲೆಯ ನಡುವೆ ಸಿಕ್ಕ ಜ್ವಾಲಾಮುಖಿ ಬೂದಿಯಲ್ಲಿನ, ವಯಸ್ಸು ಅಳೆಯಲು ಬಳಸುವ ಜಿರ್ಕಾನ್ ಹರಳುಗಳು ಸುಮಾರು 272 ಕೋಟಿ ವರ್ಷವನ್ನೂ, ಅದಕ್ಕಿಂತ ಮೇಲಿನ ಧಾರವಾಡ ಪದರಗಳ ಸಮೂಹವಾದ ಚಿತ್ರದುರ್ಗ ಗುಂಪಿಗೆ ಸೇರಿದ ದಾಗಿನಕಟ್ಟೆಯ ಲಾವಾದ ಜಿರ್ಕಾನ್‌ಗಳು ಸುಮಾರು 261 ಕೋಟಿ ವರ್ಷವನ್ನೂ ತೋರಿಸಿವೆ. ಪೂರ್ವದಲ್ಲಿ ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಕಣಶಿಲೆ (ಗ್ರಾನೈಟ್) ಸುಮಾರು 251 ಕೋಟಿ ವರ್ಷದ ಹಿಂದೆ, ಈ ಚಲನೆಗಳ ಕೊನೆಯ ಹಂತದೊಂದಿಗೇ ಮೇಲೇರಿತು. ಹೀಗಾಗಿ ಚಿತ್ರದುರ್ಗ ಗುಂಪಿನ ಮೇಲಿನ ಪದರಗಳಿಗೆ ಬಿದ್ದ ಮಡಿಕೆಗಳೆಲ್ಲ ಹತ್ತು ಕೋಟಿ ವರ್ಷದ ಆ ಕಿಟಕಿಯೊಳಗಿನವು. ಅದೇ ಅವಧಿಯಲ್ಲಿ ಪಟ್ಟಿಯ ಪೂರ್ವದ ಅಂಚಿನ ಉದ್ದಕ್ಕೂ ಶಿಲೆಗಳು ಪಕ್ಕಕ್ಕೆ ಜಾರಿದವು. ಒಂದು ಬದಿಯಲ್ಲಿ ನಿಂತು ನೋಡಿದರೆ ಎದುರಿನ ಬದಿ ಎಡಕ್ಕೆ ಸರಿದಿದೆ. ಪೂರ್ವ-ಪಶ್ಚಿಮದ ಹಿಂಡುವಿಕೆ ಮತ್ತು ಈ ಓರೆ ಜಾರುವಿಕೆ ಎರಡೂ ಭೂಚಿಪ್ಪಿನ ಫಲಕಗಳ ಒಂದೇ ಓರೆ ಡಿಕ್ಕಿಯ ಫಲವೆಂದು ಬ್ರಿಯಾನ್ ಚಾಡ್ವಿಕ್, ವಿ. ಎನ್. ವಾಸುದೇವ್ ಮೊದಲಾದವರು 2000ರಲ್ಲಿ ಪ್ರತಿಪಾದಿಸಿದರು. ಮಡಿಕೆಗಳ ಅಕ್ಷತಲಗಳು ಉತ್ತರ-ವಾಯವ್ಯಕ್ಕೆ ಸಾಲುಗಟ್ಟಿ ಪೂರ್ವಕ್ಕೆ ಕಡಿದಾಗಿ ಇಳಿದಿರುವುದಕ್ಕೆ ಈ ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ.

ಈಗ ನಿಮ್ಮ ಚಿತ್ರ. ಕೊಕ್ಕೆಯನ್ನು ಕಂಡೊಡನೆ ಒಂದೇ ಅಕ್ಷದ ಸುತ್ತ ಎರಡು ಸಲ ಮಡಿಕೆ ಬಿದ್ದಿದೆ ಎನ್ನಲು ಮನಸ್ಸು ಬರುತ್ತದೆ. ಒಳಗಿನ ಬಿಗಿ ಮಡಿಕೆಯನ್ನು ಹೊರಗಿನ ಬಿಡಿ ಮಡಿಕೆ ಬಾಗಿಸಿರುವುದು ಚಿತ್ರದಲ್ಲಿ ಸ್ಪಷ್ಟವಾಗಿದೆ, ಆದ್ದರಿಂದ ನಡುವೆ ವಿರಾಮವಿತ್ತೋ ಇಲ್ಲವೋ, ಎರಡು ಸಲ ಬಾಗಿದೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಒಳಗಿನದು ನೀವೇ ಕೇಳಿದಂತೆ ಸಮುದ್ರತಳದ ಜಾರುಮಡಿಕೆಯಾಗಿದ್ದು, ಹೊರಗಿನದು ಮಾತ್ರ ಆಳದಲ್ಲಾದದ್ದಾದರೂ ಕೊಕ್ಕೆ ಹೀಗೆಯೇ ಕಾಣುತ್ತದೆ. ಕಬ್ಬಿಣಶಿಲೆಯಲ್ಲಿ ಇದನ್ನು ತೀರ್ಮಾನಿಸುವುದು ಕಷ್ಟ, ಏಕೆಂದರೆ ಜಾಸ್ಪರಿನಲ್ಲಿ ಅಭ್ರಕದಂಥ ಹಾಳೆಖನಿಜ ಇಲ್ಲದಿರುವುದರಿಂದ ಸೀಳುತಲ ಮೂಡುವುದಿಲ್ಲ. ಅದಕ್ಕೆ ಪಕ್ಕದ ಫಿಲೈಟನ್ನೇ ಕೇಳಬೇಕು.

ಮುಂದಿನ ಸಲ ಹೋದಾಗ ಸುತ್ತಿಗೆ ಬೇಡ, ಒಂದು ದಿಕ್ಸೂಚಿ ಮತ್ತು ಬರೆಯುವ ಪುಸ್ತಕ ಸಾಕು. ಕೊಕ್ಕೆಯಿರುವ ಬಂಡೆಯಿಂದ ಅಡ್ಡಕ್ಕೆ ನಡೆದು ಮೊದಲು ಸಿಗುವ ಮಿನುಗುವ ಬೂದುಬಣ್ಣದ ಮೃದುಶಿಲೆಯಲ್ಲಿ ನೆರಿಗೆ ಬಿದ್ದ ಸೀಳುತಲ ಇದೆಯೇ ನೋಡಿ. ಇದ್ದರೆ, ಆ ಸೀಳುತಲವನ್ನು ಕೊಕ್ಕೆಯ ಕಡೆಗೆ ಮನಸ್ಸಿನಲ್ಲಿ ಚಾಚಿ, ಅದು ಒಳಮಡಿಕೆಯ ಅಕ್ಷತಲದೊಂದಿಗೆ ಹೊಂದುತ್ತದೆಯೇ ಪರೀಕ್ಷಿಸಿ. ಅದೇ ಗುಡ್ಡದ ಇನ್ನೂ ಹತ್ತು ಕಡೆ ಬಿಗಿ ಮಡಿಕೆಗಳ ತಿರುವುಗೆರೆ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಇಳಿದಿದೆ ಎಂದು ಬರೆದುಕೊಳ್ಳಿ. ಎಲ್ಲವೂ ಹೊಂದಿಕೊಂಡರೆ ಒಳಗಿನ ಮಡಿಕೆಯೂ ಆಳದ್ದೇ. ಚದುರಿಹೋದರೆ ಜಾರುಮಡಿಕೆಯ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಹೊಸ ಚಿತ್ರ ತೆಗೆಯುವಾಗ ಅಳತೆಗೆ ಒಂದು ನಾಣ್ಯವಿಟ್ಟು, ಉತ್ತರ ಯಾವ ಕಡೆಗಿದೆಯೆಂದು ಗುರುತು ಮಾಡಿ, ಅದೇ ಬಂಡೆಯ ಪಕ್ಕದ ಮುಖವನ್ನೂ ಸೆರೆಹಿಡಿದು ಕಳಿಸಿ. ಮೂರನೆಯ ಸಲದ ಬಾಗು ನಿಮ್ಮ ಗುಡ್ಡದಲ್ಲಿ ಇದೆಯೋ ಇಲ್ಲವೋ ಎಂದು ಆಗ ನೋಡೋಣ. ಸದ್ಯಕ್ಕೆ ನಿಮ್ಮ ಚಿತ್ರ ಎರಡಕ್ಕೆ ಮಾತ್ರ ಸಾಕ್ಷಿ ನುಡಿಯುತ್ತಿದೆ.